ಜನಾರ್ದನ ಭಟ್ಟರು ತೆರಿಗೆದಾರರಾದದ್ದು

ಟ್ಯಾಕ್ಸ್ ಕಟ್ಟಿ ಸಂತೋಷಪಟ್ಟ ಮನುಷ್ಯನನ್ನು ನನ್ನ ಆಯುಷ್ಯದಲ್ಲಿ ನಾನು ನೋಡಿದ್ದು ಒಬ್ಬನನ್ನೇ. ಅವರು ನನ್ನ ಪಕ್ಕದ ಮನೆಯ ಜನಾರ್ದನ ಭಟ್ಟರು. ಕಟ್ಟಿದ ಟ್ಯಾಕ್ಸ್ ಒಂದು ರೂಪಾಯಿ ನಲವತ್ತೆಂಟು ಪೈಸೆ.

ಅದು 2008ರ ಬೇಸಿಗೆ. ಶಿರ್ವ ಪೇಟೆಯಲ್ಲಿ ನನ್ನದೊಂದು ಗಡಿಯಾರ ರಿಪೇರಿ ಅಂಗಡಿ. ಎಲ್ಲರ ಕಿಸೆಗೂ ಮೊಬೈಲು ಬಂದು, ಗಂಟೆ ಎಷ್ಟೆಂದು ಅದರಲ್ಲೇ ನೋಡುವ ಅಭ್ಯಾಸ ಶುರುವಾಗಿದ್ದರಿಂದ ಊರಿನಲ್ಲಿ ಅತ್ಯಂತ ಹೆಚ್ಚು ಸಮಯ ಇದ್ದವನು ನಾನೇ. ಹಾಗಾಗಿ ಈ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ಯೋಗ ನನಗೆ ಬಂತು. ಇನ್ನೊಂದು ಕಾರಣವನ್ನೂ ಮುಚ್ಚಿಡುವುದಿಲ್ಲ. ಭಟ್ಟರ ಹೆಂಡತಿ ನಳಿನಾಕ್ಷಿ ಮಾಡುವ ಹಲಸಿನ ಹಪ್ಪಳದಲ್ಲಿ ಮುರಿದದ್ದೆಲ್ಲ ನಮ್ಮ ಮನೆಗೆ ಬರುವ ಪದ್ಧತಿ ಇತ್ತು. ಯಾರು ಏನೇ ಹೇಳಲಿ, ಮುರಿದ ಹಪ್ಪಳಕ್ಕೆ ರುಚಿ ಹೆಚ್ಚು.

ಭಟ್ಟರು ಕಾಪುವಿನ ಒಂದು ಹೋಟೆಲಿನಲ್ಲಿ ಕ್ಯಾಶಿಗೆ ಕೂರುತ್ತಿದ್ದವರು. ಧಣಿ ಹೋಟೆಲು ಮಾರಿದ ಮೇಲೆ ಮನೆಗೆ ಬಂದರು. ಬಂದು ಸುಮ್ಮನೆ ಕೂತರು ಎಂದರೆ ಅನ್ಯಾಯವಾಗುತ್ತದೆ, ಯೋಚನೆ ಮಾಡುತ್ತಾ ಕೂತರು. ಮನೆ ನಡೆಯುತ್ತಿದ್ದದ್ದು ನಳಿನಾಕ್ಷಿಯ ಹಪ್ಪಳದಿಂದ. ಹಲಸು ಬಲಿಯುವ ಕಾಲಕ್ಕೆ ಶುರುಮಾಡಿದರೆ ಮಳೆ ಹಿಡಿಯುವ ಮೊದಲು ಮುಗಿಸಬೇಕು. ಆ ಎರಡು ತಿಂಗಳ ದುಡಿಮೆಯಲ್ಲಿ ಉಳಿದ ಹತ್ತು ತಿಂಗಳು ಉಣ್ಣಬೇಕು.

ಹಪ್ಪಳಕ್ಕೆ ಬೇಕಾದದ್ದು ಹಲಸು, ಮೆಣಸು, ಉಪ್ಪು, ಮತ್ತೆ ಬಿಸಿಲು. ಮೊದಲಿನ ಮೂರು ಭಟ್ಟರ ಮನೆಯಲ್ಲಿತ್ತು. ಬಿಸಿಲು ಇರಲಿಲ್ಲ. ಅವರದ್ದು ಹಂಚಿನ ಮನೆ, ಅಂಗಳದ ತುಂಬ ಮರದ ನೆರಳು, ರಸ್ತೆ ಬದಿಯಲ್ಲಿ ಹಾಕಿದರೆ ಬಸ್ಸಿನ ಧೂಳು. ಬಿಸಿಲು ಇದ್ದದ್ದು ಎದುರುಮನೆಯ ಆಲ್ಫೋನ್ಸ್ ಪೊರ್ಬುಗಳ ತಾರಸಿಯಲ್ಲಿ. ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಎನ್ನುವುದು ನಮ್ಮ ಕಡೆಯ ಮರ್ಯಾದೆ. ಇವರು ಕುವೈಟಿನಲ್ಲಿ ಇಪ್ಪತ್ತೆರಡು ವರ್ಷ ಯಾವುದೋ ಗೋದಾಮಿನ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದು ಊರಿಗೆ ಬಂದು, ಹೆಲಿಕಾಪ್ಟರ್ ಇಳಿಯುವಷ್ಟು ದೊಡ್ಡ ತಾರಸಿಯ ಮನೆ ಕಟ್ಟಿಸಿದ್ದರು. ಹೆಲಿಕಾಪ್ಟರ್ ಬರಲಿಲ್ಲ. ಹಪ್ಪಳ ಬಂತು.

ತಾರಸಿ ಕೊಟ್ಟದ್ದು ಮಾತ್ರವಲ್ಲ, ಕಾಗೆ ಕಾಯುವ ಕೆಲಸವನ್ನೂ ಪೊರ್ಬುಗಳು ತಾವಾಗಿಯೇ ವಹಿಸಿಕೊಂಡಿದ್ದರು. ಬೆಳಿಗ್ಗೆ ಚಾಪೆ ಬಿಚ್ಚಿದೊಡನೆ ಕುವೈಟಿನಿಂದ ತಂದ ದೊಡ್ಡ ಕೊಡೆ ನೆಟ್ಟು, ತಲೆಗೆ ಟೊಪ್ಪಿ ಹಾಕಿ, ಕಪ್ಪು ಬಟ್ಟೆ ಕಟ್ಟಿದ ಉದ್ದದ ಬಿದಿರುಕೋಲು ಹಿಡಿದು ಕೂರುವರು. ಬಾಯಲ್ಲಿ ಸೀಟಿ. ಕಾಗೆ ಎದುರಿನ ತೆಂಗಿನಮರಕ್ಕೆ ಬಂದಾಗ ಒಂದು ಸೀಟಿ, ತಾರಸಿಯ ಕಟ್ಟೆಗೆ ಬಂದಾಗ ಎರಡು. ಮೂರನೆಯ ಸೀಟಿಗೆ ಕಾಯದೆ ಕಾಗೆಗಳು ಹೋಗುತ್ತಿದ್ದವು. ಈ ವ್ಯವಸ್ಥೆಗೆ ಐದು ವರ್ಷ. ಬೇಸಿಗೆ ಮುಗಿಯುವಾಗ ಪೊರ್ಬುಗಳ ಹೆಂಡತಿ ತೆರೆಸಾ ಬಾಯಿಗೆ ಎರಡು ಕಟ್ಟು ಹಪ್ಪಳ ಹೋಗುತ್ತಿತ್ತು. ದುಡ್ಡಿನ ಮಾತು ಯಾರ ಬಾಯಲ್ಲೂ ಒಂದು ದಿನವೂ ಬಂದಿರಲಿಲ್ಲ.

ಇಷ್ಟು ಚಂದದಲ್ಲಿ ನಡೆಯುತ್ತಿದ್ದಾಗ ಭಟ್ಟರ ಯೋಚನೆಗೆ ಫಲ ಬಂತು.

ನನ್ನ ಅಂಗಡಿಯ ಪಕ್ಕದಲ್ಲಿ ಆಂಜೆಲಾ ಎಂಬವಳ ಸೈಬರ್ ಕೆಫೆ. ಕಂಪ್ಯೂಟರಿನಲ್ಲಿ ಬೊಂಬಾಯಿಯ ಒಂದು ಕಂಪೆನಿ ಸಂತೆ ನಡೆಸುತ್ತದೆ, ಅಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಮಾರಬಹುದು ಎಂದು ಅವಳು ಹೇಳಿದ್ದು ಭಟ್ಟರ ಕಿವಿಗೆ ಬಿತ್ತು. ಮರುದಿನ ಹಪ್ಪಳವನ್ನು ಬಾಳೆಲೆಯ ಮೇಲಿಟ್ಟು ಫೋಟೋ ತೆಗೆಸಿದರು. ನೂರು ಹಪ್ಪಳದ ಕಟ್ಟಿಗೆ ನೂರೈವತ್ತು ರೂಪಾಯಿ, ಕೊರಿಯರ್ ಬೇರೆ. ವಾರದೊಳಗೆ ಪೂನಾದಲ್ಲಿ ನೆಲೆಸಿದ ನಮ್ಮ ಕಡೆಯ ಹೆಂಗಸೊಬ್ಬರು ಒಂದು ಕಟ್ಟು ತರಿಸಿದರು. ಅವರ ಹಿಂದೆಯೇ ಇನ್ನಿಬ್ಬರು. ತಿಂಗಳಾಗುವಾಗ ಕಂಪೆನಿಯಿಂದ ಬಿಲ್ಲು ಬಂತು. ಆಂಜೆಲಾ ಅದನ್ನು ಪ್ರಿಂಟ್ ತೆಗೆದು ಕೊಟ್ಟಳು. ಭಟ್ಟರು ಕನ್ನಡಕ ಹಾಕಿ ಮೊದಲ ವ್ಯಾಪಾರದ ಲೆಕ್ಕ ಓದಿದರು, ತೆಗೆದು ಒರೆಸಿ ಇನ್ನೊಮ್ಮೆ ಓದಿದರು.

"ಇದೆಂತ ಮಗಾ, ಇಲ್ಲಿ ಸರ್ವಿಸ್ ಟ್ಯಾಕ್ಸ್ ಅಂತ ಉಂಟು?"

"ಅದು ಅಂಕಲ್, ಅವರು ನಿಮಗೆ ಮಾರ್ಲಿಕ್ಕೆ ಜಾಗ ಕೊಡ್ತಾರಲ್ಲ, ಅದಕ್ಕೆ ನೂರಕ್ಕೆ ಎಂಟು ಕಮಿಷನ್. ಆ ಕಮಿಷನ್ ಮೇಲೆ ಟ್ಯಾಕ್ಸ್."

"ಹಪ್ಪಳದ ಮೇಲೆ ಅಲ್ಲ?"

"ಅಲ್ಲ. ಕಮಿಷನ್ ಮೇಲೆ."

"ಸರ್ಕಾರಕ್ಕೆ ಕಟ್ಟುವುದು ಯಾರು?"

"ಕಂಪೆನಿಯವರು."

"ಕಂಪೆನಿಯವರಿಗೆ ಕೊಡುವುದು ಯಾರು?"

"ನೀವೇ."

"ಅಲ್ಲಿಗೆ ಕಟ್ಟುವುದು ನಾನೇ ಆಯ್ತಲ್ಲ, ಭಾರತ ಸರ್ಕಾರಕ್ಕೆ."

ಆಂಜೆಲಾ ಸ್ವಲ್ಪ ಯೋಚಿಸಿ, "ಒಂದು ಲೆಕ್ಕದಲ್ಲಿ ಹೌದು" ಎಂದಳು. ಆ 'ಒಂದು ಲೆಕ್ಕದಲ್ಲಿ' ಎಂಬ ಮಾತನ್ನು ಸೈಬರಿನಲ್ಲೇ ಬಿಟ್ಟು, 'ಹೌದು' ಎಂಬುದನ್ನು ಮಾತ್ರ ಹಿಡಿದುಕೊಂಡು ಭಟ್ಟರು ಮನೆಗೆ ಹೋದರು.

ನಳಿನಾಕ್ಷಿ ದುಡ್ಡಿನ ಲೆಕ್ಕವನ್ನೆಲ್ಲ ಹಪ್ಪಳಕ್ಕೆ ತಿರುಗಿಸಿ ನೋಡುವವಳು. ಬಿಲ್ಲು ಓದಿಸಿ ಕೇಳಿ ಅವಳೆಂದಳು:

"ನೂರರ ಕಟ್ಟಿನಲ್ಲಿ ಎಂಟು ಹಪ್ಪಳ ಬೊಂಬಾಯಿಯವರಿಗೆ ಹೋಯ್ತು. ಇನ್ನೊಂದು ಸರ್ಕಾರಕ್ಕೆ ಹೋಯ್ತು. ಸೈಬರಿಗೆ, ಡಬ್ಬಕ್ಕೆ ಕೊಟ್ಟು ನನಗೆ ಉಳಿಯುವುದು ಉಡುಪಿಯ ಅಂಗಡಿಗೆ ಹಾಕಿದ್ದಕ್ಕಿಂತ ಒಂದು ಚೂರು ಜಾಸ್ತಿ. ಆ ಚೂರು ಸಹ ಪೊರ್ಬುಗಳ ತಾರಸಿ ಧರ್ಮಕ್ಕೆ ಸಿಕ್ಕುವುದರಿಂದ. ಬಿಸಿಲಿಗೆ ಬಾಡಿಗೆ ಕೊಡಬೇಕಾದ ದಿವಸ ನಾನು ಮಣೆ ಮಗುಚಿ ಇಡಬೇಕಷ್ಟೆ, ನಿಮಗೆ ಗೊತ್ತಿರಲಿ."

"ಆ ಒಂದು ಹಪ್ಪಳ ರಾಷ್ಟ್ರಕ್ಕೆ ಹೋಗುವುದು," ಎಂದರು ಭಟ್ಟರು.

"ಕಾಗೆ ಕೂಡ ನೂರಕ್ಕೆ ಒಂದೇ ತೆಗೆದುಕೊಂಡು ಹೋಗುವುದು. ಅದನ್ನು ಓಡಿಸ್ಲಿಕ್ಕೆ ಪೊರ್ಬುಗಳಾದರೂ ಇದ್ದಾರೆ."

ಭಟ್ಟರು ಈ ಮಾತಿಗೆ ಬೆಲೆ ಕೊಡಲಿಲ್ಲ. ಬಿಲ್ಲಿಗೆ ಲ್ಯಾಮಿನೇಶನ್ ಮಾಡಿಸಿ ಜಗಲಿಯಲ್ಲಿ, ಬಂದವರ ಕಣ್ಣಿಗೆ ನೇರ ಬೀಳುವ ಕಡೆ ತೂಗುಹಾಕಿದರು. ಲ್ಯಾಮಿನೇಶನ್ನಿಗೆ ಹದಿನೈದು ರೂಪಾಯಿ, ಅಂದರೆ ಕಟ್ಟಿದ ಟ್ಯಾಕ್ಸಿನ ಹತ್ತು ಪಟ್ಟು. ಮೊತ್ತ ಬರೆದಿದ್ದ ಮೂಲೆಯ ಮೇಲೆ ದೇವರ ಪ್ರಸಾದದ ಹೂ ಸಿಕ್ಕಿಸಿ ಇಡುತ್ತಿದ್ದರು. ಭಕ್ತಿಗೆ ಎಷ್ಟೆಲ್ಲ ಉಪಯೋಗ ಉಂಟು ನೋಡಿ.

ಆಮೇಲೆ ಅವರ ಮಾತಿನ ಧಾಟಿಯೇ ಬದಲಾಯಿತು. ಬಸ್ಸು ತಡವಾದರೆ, "ನಾವು ಟ್ಯಾಕ್ಸ್ ಕಟ್ಟುವವರು ಎಷ್ಟೂಂತ ಸಹಿಸುವುದು?" ಎನ್ನುವರು. ಕರೆಂಟು ಹೋದರೆ, "ನಮ್ಮ ದುಡ್ಡೆಲ್ಲ ಎಲ್ಲಿ ಹೋಗ್ತದೆ ಮಾರಾಯ?" ಎಂದು ನನ್ನನ್ನು ಕೇಳುವರು, ನಾನೇ ನುಂಗಿದ ಹಾಗೆ. ಊರು ಇದನ್ನು ತನಗೆ ಬೇಕಾದ ಹಾಗೆ ಅರ್ಥಮಾಡಿಕೊಂಡಿತು. ಟ್ಯಾಕ್ಸ್ ಕಟ್ಟುವಷ್ಟು ಆದಾಯ ಹಪ್ಪಳದಲ್ಲಿ ಉಂಟೆಂದರೆ ಅದು ಎಷ್ಟಿರಬಹುದು? ಕುಕ್ಕುಂದೂರಿನಿಂದ ಭಟ್ಟರ ದಾಯಾದಿ ಅನಂತೇಶ ಫೋನು ಮಾಡಿ, ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಅಣ್ಣನ ಆರೋಗ್ಯ ವಿಚಾರಿಸಿ, ಮನೆಯ ಸ್ಲ್ಯಾಬು ಅರ್ಧಕ್ಕೆ ನಿಂತ ಸಂಗತಿ ತಿಳಿಸಿದ. ನಳಿನಾಕ್ಷಿಯ ಜೊತೆ ಹಪ್ಪಳ ಒತ್ತಲು ಬರುತ್ತಿದ್ದ ಬಾದಾಮಿ ಕಡೆಯ ರತ್ನವ್ವ ಮಣೆಯ ಮೇಲೆ ಕೈ ನಿಲ್ಲಿಸಿ ಕೇಳಿದಳು:

"ಅಕ್ಕಾರ, ಅಣ್ಣಾರು ದಿಲ್ಲಿ ಸರಕಾರಕ್ಕ ಟ್ಯಾಕ್ಸ್ ಕಟ್ಟಾಕ ಹತ್ಯಾರಂತಲ್ರಿ. ನಮ್ಮ ಕೂಲಿನೂ ಒಂಚೂರು ಏರಿಸ್ರಿ ಮತ್ತ."

ನಳಿನಾಕ್ಷಿ ಏರಿಸಿದಳು. ಗಂಡನ ಕೀರ್ತಿಗೆ ಅವಳು ತೆತ್ತ ಮೊದಲ ಬೆಲೆ ಅದು. ಅಲ್ಲಿಗೇ ನಿಂತಿದ್ದರೆ ಚಿಂತೆ ಇರಲಿಲ್ಲ.

ಬಿಲ್ಲಿನ ತಳದಲ್ಲಿ ಇನ್ನೆರಡು ಸಾಲುಗಳಿದ್ದವು. ಒಂದು ಶಿಕ್ಷಣ ಸೆಸ್. ಇನ್ನೊಂದು ಪ್ರೌಢ ಮತ್ತು ಉನ್ನತ ಶಿಕ್ಷಣ ಸೆಸ್. ಟ್ಯಾಕ್ಸಿನ ಮೇಲೆ ಮತ್ತೂ ಹಾಕುವ ಟ್ಯಾಕ್ಸ್ ಇದು. ಭಟ್ಟರ ಪಾಲಿಗೆ ಬಂದದ್ದು ಮೊದಲನೆಯದಕ್ಕೆ ಮೂರು ಪೈಸೆ, ಎರಡನೆಯದಕ್ಕೆ ಒಂದು ಪೈಸೆ. ಇದನ್ನು ಕಂಡ ದಿನವೇ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಊರಿನ ಶಾಲೆಗೆ ಹೋದರು. ಹೆಡ್‌ಮಾಸ್ಟರ್ ಡೊಮಿನಿಕ್ ಮಾಸ್ಟ್ರು ರಜೆಯ ಶಿಬಿರದ ಮಕ್ಕಳಿಗೆ ಅವಲಕ್ಕಿ ಹಂಚಿಸುತ್ತಿದ್ದರು.

"ಮಾಸ್ಟ್ರೇ, ನಿಮ್ಮ ಕ್ಷೇತ್ರಕ್ಕೂ ನಾನು ಸ್ವಲ್ಪ ಮಾಡ್ತಾ ಇದ್ದೇನೆ," ಎಂದರು ಭಟ್ಟರು.

"ಯಾವ ಕ್ಷೇತ್ರಕ್ಕೆ ಭಟ್ರೇ?"

"ಶಿಕ್ಷಣಕ್ಕೆ. ಪ್ರತಿಯೊಂದು ವ್ಯಾಪಾರದಲ್ಲೂ ಒಂದು ಭಾಗ ಶಿಕ್ಷಣಕ್ಕೆ ಅಂತ ಹೋಗ್ತದೆ. ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆ ಬೇರೆ."

ಡೊಮಿನಿಕ್ ಮಾಸ್ಟ್ರ ಶಾಲೆಯ ಮಾಡು ಎರಡು ಮಳೆಗಾಲದಿಂದ ಸೋರುತ್ತಿತ್ತು. ಹೆಡ್‌ಮಾಸ್ಟರಾದವರು ಇಂಥ ಮಾತು ಕೇಳಿದಾಗ ಎಷ್ಟು ಎಂದು ಕೇಳುವುದಿಲ್ಲ, ಕೇಳಿದರೆ ಕಡಿಮೆಯಾದೀತೆಂಬ ಹೆದರಿಕೆ. ಅವರು ಎದ್ದು ತಮ್ಮ ಕುರ್ಚಿಯನ್ನೇ ಭಟ್ಟರಿಗೆ ಕೊಟ್ಟರು. ಶಿಬಿರದ ಸಮಾರೋಪಕ್ಕೆ ಮುಖ್ಯ ಅತಿಥಿಯಾಗಿ ಬರಬೇಕೆಂದು ಅಲ್ಲೇ ಕೇಳಿಕೊಂಡರು. ಭಟ್ಟರು ತಮ್ಮ ಕೆಲಸದ ಒತ್ತಡವನ್ನು ನೆನೆದು ಒಂದು ನಿಮಿಷ ಕಣ್ಣು ಮುಚ್ಚಿ, ಒಪ್ಪಿಕೊಂಡರು. ಆಮಂತ್ರಣ ಪತ್ರಿಕೆಯಲ್ಲಿ 'ತೆರಿಗೆದಾರರು ಹಾಗೂ ಶಿಕ್ಷಣ ಪೋಷಕರು' ಎಂದು ಅಚ್ಚಾಯಿತು.

ಆ ಭಾನುವಾರ ಶಾಲೆಯ ಹಾಲ್ ತುಂಬಿತ್ತು. ನಮ್ಮ ಊರುಗಳಲ್ಲಿ ಶಾಲೆಗೆ ಫ್ಯಾನು ಕೊಟ್ಟವರ ಹೆಸರನ್ನು ಫ್ಯಾನಿನ ಎಲೆಯ ಮೇಲೆಯೇ ಬರೆಸುವ ಕ್ರಮ ಉಂಟಲ್ಲ, ಆ ಹಾಲಿನ ಆರು ಫ್ಯಾನುಗಳ ಮೇಲೂ ಆಲ್ಫೋನ್ಸ್ ಪೊರ್ಬುಗಳ ಹೆಸರು ಇತ್ತು. ಫ್ಯಾನು ನಿಂತಾಗ ಓದಬಹುದಿತ್ತು. ತಿರುಗುವಾಗ ಯಾರ ಹೆಸರೂ ಕಾಣುತ್ತಿರಲಿಲ್ಲ, ಮತ್ತೆ ಸಮಾರಂಭದ ದಿನ ಫ್ಯಾನು ತಿರುಗದೆ ಇರುತ್ತದೆಯೇ? ಆರು ಫ್ಯಾನು ಕೊಟ್ಟ ಪೊರ್ಬುಗಳು ಕೆಳಗೆ ಎರಡನೆಯ ಸಾಲಿನಲ್ಲಿ, ತೆರೆಸಾ ಬಾಯಿಯ ಪಕ್ಕ. ನಾಲ್ಕು ಪೈಸೆ ಕೊಟ್ಟ ಭಟ್ಟರು ವೇದಿಕೆಯಲ್ಲಿ, ಶಾಲು ಹೊದ್ದು, ಫಲದ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು.

ಆಮೇಲೆ ಭಟ್ಟರು ಮಾತಿಗೆ ನಿಂತರು. ಮಾತಾಡದೆ ಇದ್ದಿದ್ದರೆ ಈ ಕಥೆ ಇಲ್ಲ.

"ಮಹನೀಯರೇ, ಬೊಂಬಾಯಿಯ ಕಂಪೆನಿಯವರು ನನ್ನ ಹಪ್ಪಳ ಮುಟ್ಟುವುದಿಲ್ಲ. ನೋಡುವುದೂ ಇಲ್ಲ. ಬರೀ ಜಾಗ ಕೊಡುತ್ತಾರೆ. ಜಾಗ ಕೊಟ್ಟದ್ದಕ್ಕೆ ಶುಲ್ಕ ತೆಗೆದುಕೊಳ್ಳುತ್ತಾರೆ, ಶುಲ್ಕದ ಮೇಲೆ ಟ್ಯಾಕ್ಸ್. ಇದು ವ್ಯವಹಾರದ ಹೊಸ ಯುಗ. ಇಲ್ಲಿ ಧರ್ಮಕ್ಕೆ ಜಾಗ ಕೊಡುವವರು ಇದ್ದರೆ ಅವರಿಗೆ ವ್ಯವಹಾರ ತಿಳಿಯದು ಎಂದು ಅರ್ಥ. ಧರ್ಮಕ್ಕೆ ಕೊಟ್ಟ ಜಾಗಕ್ಕೆ ಶುಲ್ಕ ಇಲ್ಲ, ಶುಲ್ಕ ಇಲ್ಲದ ಕಡೆ ಟ್ಯಾಕ್ಸ್ ಇಲ್ಲ, ಟ್ಯಾಕ್ಸ್ ಇಲ್ಲದ ಕಡೆ ದೇಶಕ್ಕೆ ಮೂರು ಕಾಸಿನ ಪ್ರಯೋಜನವಿಲ್ಲ."

ಚಪ್ಪಾಳೆ ಬಿತ್ತು. ನಾನು ಪೊರ್ಬುಗಳ ಕಡೆ ನೋಡಿದೆ. ಅವರೂ ಚಪ್ಪಾಳೆ ತಟ್ಟುತ್ತಿದ್ದರು, ನಿಧಾನಕ್ಕೆ, ಉಳಿದವರೆಲ್ಲ ನಿಲ್ಲಿಸಿದ ಮೇಲೂ. ಭಟ್ಟರು ಕೊನೆಗೆ ಕಂಪೆನಿಗೆ, ಆಂಜೆಲಾಳಿಗೆ, ಸರ್ಕಾರಕ್ಕೆ, ಸೂರ್ಯನಾರಾಯಣನಿಗೆ ಕೃತಜ್ಞತೆ ಹೇಳಿ ಕೂತರು. ತಾರಸಿಯ ಹೆಸರು ಬರಲಿಲ್ಲ. ಮರೆತರು ಎಂದು ನಾನು ನಂಬುತ್ತೇನೆ. ವೇದಿಕೆ ಹತ್ತಿದರೆ ಕೆಳಗಿನವರು ಸಣ್ಣದಾಗಿ ಕಾಣುವುದು ಭಟ್ಟರೊಬ್ಬರ ತಪ್ಪಲ್ಲ.

ಸೋಮವಾರ ಬೆಳಿಗ್ಗೆ ನಳಿನಾಕ್ಷಿ ಮತ್ತು ರತ್ನವ್ವ ಹಸಿ ಹಪ್ಪಳದ ಚಾಪೆ ಸುರುಳಿ ಸುತ್ತಿ ತಲೆಯ ಮೇಲೆ ಹೊತ್ತು ಪೊರ್ಬುಗಳ ಮನೆಯ ಮೆಟ್ಟಿಲು ಹತ್ತಿದರು. ತಾರಸಿಯ ಬಾಗಿಲಿಗೆ ಬೀಗ. ಅದು ಕುವೈಟಿನ ಬೀಗ, ಅಂಗೈಯಷ್ಟು ದೊಡ್ಡದು. ಪಕ್ಕದಲ್ಲಿ ಒಂದು ಕಾಗದ ಅಂಟಿಸಿತ್ತು. ಆಂಜೆಲಾಳೇ ಟೈಪ್ ಮಾಡಿಕೊಟ್ಟದ್ದು. ಅವಳನ್ನು ದೂರಿ ಪ್ರಯೋಜನವಿಲ್ಲ, ಅವಳಿಗೆ ಪುಟಕ್ಕೆ ಹತ್ತು ರೂಪಾಯಿ ಕೊಟ್ಟರೆ ಯಾರ ಬಿಲ್ಲಾದರೂ ಆದೀತು. ಅದರಲ್ಲಿ ತಾರಸಿಯ ಜಾಗಕ್ಕೆ ಶುಲ್ಕ ಇತ್ತು. ಮೆಟ್ಟಿಲಿನ ಸವೆತಕ್ಕೆ ಇತ್ತು. ಕಾಗೆ ಕಾಯುವ ಸೇವೆಗೆ, ಸೀಟಿ ಸಹಿತ, ಬೇರೆ ಇತ್ತು. 'ಬಿಸಿಲು: ದೇವರದ್ದು, ಉಚಿತ' ಎಂದು ಪ್ರಾಮಾಣಿಕವಾಗಿ ಬರೆದಿತ್ತು. ಎಲ್ಲದರ ಮೇಲೆ ಸರ್ವಿಸ್ ಟ್ಯಾಕ್ಸ್, ಅದರ ಮೇಲೆ ಶಿಕ್ಷಣ ಸೆಸ್, ಅದರ ಪಕ್ಕದಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣ ಸೆಸ್.

ನಳಿನಾಕ್ಷಿ ಚಾಪೆ ಹೊತ್ತುಕೊಂಡೇ ತಿರುಗಿ ಬಂದಳು. ಗಂಡ ಜಗಲಿಯಲ್ಲಿ ಸನ್ಮಾನದ ಸೇಬು ಕತ್ತರಿಸುತ್ತಿದ್ದರು.

"ನೀವು ನಿನ್ನೆ ಸ್ಟೇಜಲ್ಲಿ ಎಂತ ಮಾತಾಡಿದ್ದು?"

"ತತ್ವ," ಎಂದರು ಭಟ್ಟರು.

"ಆ ತತ್ವಕ್ಕೆ ಬೀಗ ಬಿದ್ದಿದೆ. ಹೋಗಿ ನೋಡಿ ಬನ್ನಿ."

ಆ ವಾರ ಪೂನಾದ ಅದೇ ಹೆಂಗಸು ತಮ್ಮ ಸಂಘದವರಿಗೆಲ್ಲ ಸೇರಿಸಿ ಹನ್ನೆರಡು ಕಟ್ಟು ಹೇಳಿದ್ದರು. ಅಷ್ಟು ದೊಡ್ಡ ವ್ಯಾಪಾರ ಅಲ್ಲಿಯವರೆಗೆ ಬಂದಿರಲಿಲ್ಲ. ಶನಿವಾರ ಕೊರಿಯರ್‌ಗೆ ಹಾಕದಿದ್ದರೆ ಕಂಪ್ಯೂಟರಿನ ಸಂತೆಯಲ್ಲಿ ನಳಿನಾಕ್ಷಿಯ ಹಪ್ಪಳದ ಪಕ್ಕ ಕೆಂಪು ಗುರುತು ಬೀಳುತ್ತದೆ, ಆಮೇಲೆ ಯಾರೂ ಕೊಳ್ಳುವುದಿಲ್ಲ ಎಂದು ಆಂಜೆಲಾ ಹೇಳಿದ್ದಳು. ಕೊನೆಯ ಕಂತಿನ ಹಪ್ಪಳ ಹಸಿ ಹಸಿಯಾಗಿ ಜಗಲಿಯ ತುಂಬ ಹರಡಿತ್ತು. ಎರಡು ಬಿಸಿಲು ಸಿಕ್ಕಿದರೆ ಅದು ಹಪ್ಪಳ, ಸಿಕ್ಕದಿದ್ದರೆ ಬೂಷ್ಟು. ಪಶ್ಚಿಮದಲ್ಲಿ ಸಂಜೆ ಸಂಜೆ ಮೋಡ ಕಾಣಿಸಲು ಶುರುವಾಗಿತ್ತು. ಅವಳು ಟೇಬಲ್ ಫ್ಯಾನನ್ನು ಹಪ್ಪಳದ ಕಡೆ ತಿರುಗಿಸಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಕೂತದ್ದನ್ನು ನೋಡಿದಾಗ ನನಗೆ ಭಟ್ಟರ ಮೇಲೆ ನಿಜವಾಗಿ ಸಿಟ್ಟು ಬಂತು.

ಭಟ್ಟರಿಗೂ ಸಿಟ್ಟು ಬಂದಿತ್ತು. ಆದರೆ ಅದು ಬೀಗದ ಮೇಲಲ್ಲ, ಶುಲ್ಕದ ಮೇಲೂ ಅಲ್ಲ.

"ಶುಲ್ಕ ಹಾಕಲಿ ಮಾರಾಯ, ಜಾಗ ಅವರದ್ದು," ಎಂದರು ನನಗೆ. "ಟ್ಯಾಕ್ಸ್ ಹಾಕ್ಲಿಕ್ಕೆ ಇವರು ಯಾರು? ಅದು ನಮ್ಮಂಥವರು ಸರ್ಕಾರದ ಜೊತೆ ಇಟ್ಟುಕೊಂಡ ಸಂಬಂಧ. ನಾನು ಉಡುಪಿಗೆ ಹೋಗಿ ಕೇಳಿಯೇ ಕೇಳ್ತೇನೆ."

ಅವರ ಹತ್ತಿರ ಗಾಡಿ ಇರಲಿಲ್ಲ. ನನ್ನ ಹತ್ತಿರ ಹಳೆಯ ಸ್ಕೂಟರ್ ಇತ್ತು. ಮಂಗಳವಾರ ಬೆಳಿಗ್ಗೆ, ಭಟ್ಟರು ಹಿಂದೆ ಕೂತು, ಲ್ಯಾಮಿನೇಶನ್ ಮಾಡಿದ ಬಿಲ್ಲನ್ನು ಎದೆಗವಚಿಕೊಂಡು, ನಾವು ತೆರಿಗೆ ಕಚೇರಿಗೆ ಹೋದೆವು. ಅಲ್ಲಿಯ ಅಧಿಕಾರಿ ಸಾಧು ಮನುಷ್ಯ. ತಾನಾಗಿಯೇ ಒಳಗೆ ಬಂದು, "ನಾನು ಟ್ಯಾಕ್ಸ್ ಕಟ್ಟುವವನು" ಎಂದು ನಗುತ್ತಾ ಪರಿಚಯ ಮಾಡಿಕೊಂಡವರನ್ನು ಅವರು ಮೊದಲು ನೋಡಿರಲಿಲ್ಲವೆಂದು ಕಾಣುತ್ತದೆ. ಕುರ್ಚಿ ತೋರಿಸಿದರು. ಭಟ್ಟರು ತಮ್ಮ ಬಿಲ್ಲನ್ನೂ, ಪೊರ್ಬುಗಳ ಬಿಲ್ಲಿನದ್ದು ಆಂಜೆಲಾಳಿಂದ ತೆಗೆಸಿದ್ದ ಇನ್ನೊಂದು ಪ್ರತಿಯನ್ನೂ ಮೇಜಿನ ಮೇಲಿಟ್ಟು ಪೊರ್ಬುಗಳ ಮೇಲೆ ದೂರು ಹೇಳಿದರು.

ಅಧಿಕಾರಿ ಕಾಗೆ ಕಾಯುವ ಸಾಲನ್ನು ಎರಡು ಸಲ ಓದಿದರು. ಆಮೇಲೆ, "ಇವರಿಗೆ ವರ್ಷಕ್ಕೆ ಹತ್ತು ಲಕ್ಷದ ಸೇವೆ ಆಗ್ತದಾ?" ಎಂದು ಕೇಳಿದರು.

"ಕಾಗೆ ಓಡಿಸಿಯಾ?"

"ಅಷ್ಟು ಆಗದಿದ್ದರೆ ಅವರು ಟ್ಯಾಕ್ಸ್ ಹಾಕಬೇಕಾಗಿಲ್ಲ. ಹಾಕುವ ಹಾಗೂ ಇಲ್ಲ. ಅವರು ನಮ್ಮಲ್ಲಿ ನೋಂದಣಿ ಆದವರಲ್ಲ."

ಭಟ್ಟರ ಮುಖ ಅರಳಿತು. "ನಾನೂ ಅದನ್ನೇ ಹೇಳಿದ್ದು. ಟ್ಯಾಕ್ಸಿನ ವಿಷಯ ನಮ್ಮ ನಿಮ್ಮೊಳಗೆ ಇರುವಂಥದ್ದು."

"ನಿಮ್ಮದು ನೋಂದಣಿ ಉಂಟಾ?"

"ಇಲ್ಲ. ಆದರೆ ಈ ಬಿಲ್ಲು ಉಂಟಲ್ಲ."

ಅಧಿಕಾರಿ ಬಿಲ್ಲಿನ ಮೇಲಿದ್ದ ಒಣಗಿದ ಹೂವನ್ನು ಮೆಲ್ಲಗೆ ಸರಿಸಿ ಮೊತ್ತ ನೋಡಿದರು. "ಇದರಲ್ಲಿ ಟ್ಯಾಕ್ಸ್ ಕಟ್ಟುವವರು ಕಂಪೆನಿಯವರು. ನಂಬರು ಅವರದ್ದು, ಚಲನ್ ಅವರದ್ದು. ನಮ್ಮ ಪುಸ್ತಕದಲ್ಲಿ ನಿಮ್ಮ ಹೆಸರೇ ಬರುವುದಿಲ್ಲ."

"ದುಡ್ಡು ನನ್ನದಲ್ವಾ?"

"ದುಡ್ಡು ನಿಮ್ಮದೇ. ಹೆಸರು ಅವರದ್ದು."

"ಕೊಟ್ಟದ್ದು ತಿರುಗಿ ಸಿಗುವ ದಾರಿ?"

"ದೊಡ್ಡ ಕಂಪೆನಿಗಳಿಗೆ ದಾರಿ ಉಂಟು, ಅವರು ಕಟ್ಟಬೇಕಾದ ಇನ್ನೊಂದು ಟ್ಯಾಕ್ಸಿನಲ್ಲಿ ಇದನ್ನು ಮುರಿದುಕೊಳ್ತಾರೆ. ನಿಮ್ಮಂಥವರಿಗೆ ಇಲ್ಲ. ಹಪ್ಪಳದ ಮೇಲಿನ ಟ್ಯಾಕ್ಸ್ ಕೇಳುವುದಾದರೆ ಅದು ರಾಜ್ಯದವರದ್ದು, ಬೇರೆ ಆಫೀಸು."

ಭಟ್ಟರು ಬಿಲ್ಲನ್ನು ತಮ್ಮ ಕಡೆಗೆ ಎಳೆದುಕೊಂಡು ಹೂವನ್ನು ಮೊದಲಿನ ಜಾಗಕ್ಕೇ ಸರಿಸಿದರು. ಆಮೇಲೆ ಬಹಳ ಸಣ್ಣ ಸ್ವರದಲ್ಲಿ, "ಹಾಗಾದ್ರೆ ಸಾರ್, ಸರ್ಕಾರದ ಲೆಕ್ಕದಲ್ಲಿ ನಾನು ಯಾರು?" ಎಂದು ಕೇಳಿದರು.

"ಗಿರಾಕಿ," ಎಂದರು ಅಧಿಕಾರಿ. "ಮಾರ್ಲಿಕ್ಕೆ ಜಾಗ ಕೊಂಡುಕೊಂಡ ಗಿರಾಕಿ." ಪಾಪ, ಅವರಿಗೆ ನೋಯಿಸುವ ಉದ್ದೇಶವಿರಲಿಲ್ಲ. ಹೋಗುವಾಗ ಹಪ್ಪಳ ಎಲ್ಲಿ ಸಿಗುತ್ತದೆಂದು ಕೂಡ ಕೇಳಿದರು. ಭಟ್ಟರಿಗೆ ಅದು ಕೇಳಿಸಲಿಲ್ಲ.

ಹಿಂದೆ ಬರುವಾಗ, ಶಿರ್ವ ಮುಟ್ಟುವಷ್ಟರಲ್ಲಿ ಅವರು ಸ್ವಲ್ಪ ಚೇತರಿಸಿಕೊಂಡು, "ಒಂದಂತೂ ಗೆದ್ದೆ. ಪೊರ್ಬುಗಳು ಟ್ಯಾಕ್ಸ್ ಹಾಕುವ ಹಾಗಿಲ್ಲ" ಎಂದರು. ಗೆದ್ದ ಸುದ್ದಿ ಹೇಳಲು ನೇರ ಪೊರ್ಬುಗಳ ಮನೆಗೇ ಸ್ಕೂಟರ್ ಬಿಡಿಸಿದರು.

ಅಲ್ಲಿ ನಮಗಿಂತ ಮೊದಲೇ ನಳಿನಾಕ್ಷಿ ಬಂದಿದ್ದಳು. ಸಿಟೌಟಿನ ಗ್ರಾನೈಟ್ ಮೆಟ್ಟಿಲಿನ ಮೇಲೆ, ಬಾಗಿಲಿನಿಂದ ಕಿತ್ತು ತಂದ ಕಾಗದ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪೊರ್ಬುಗಳು ಎದುರು ಬೆತ್ತದ ಕುರ್ಚಿಯಲ್ಲಿದ್ದರು. ಎರಡು ದಿನದಲ್ಲಿ ಅವರ ಮುಖ ಸಣ್ಣದಾಗಿತ್ತು.

"ಬಿಲ್ಲು ಸರಿ ಉಂಟು ಪೊರ್ಬುಗಳೇ," ಎನ್ನುತ್ತಿದ್ದಳು ಅವಳು. "ನಾನು ಚರ್ಚೆಗೆ ಬಂದದ್ದಲ್ಲ. ಜಾಗ ನಿಮ್ಮದು, ಬಿಸಿಲಲ್ಲಿ ಕೂತದ್ದು ನೀವು. ಐದು ವರ್ಷ ನಾವು ಸುಮ್ಮನೆ ತೆಗೆದುಕೊಂಡದ್ದೇ ಹೆಚ್ಚು. ಒಂದೇ ಒಂದು ಮಾತು ಕೇಳಿ ಹೋಗುವ ಅಂತ ಬಂದೆ."

"ಕೇಳಿ," ಎಂದರು ಪೊರ್ಬುಗಳು ಗೋಡೆ ನೋಡುತ್ತಾ.

"ದುಡ್ಡು ಕೊಟ್ಟ ಮೇಲೆ ನೀವು ನಮ್ಮ ಕೆಲಸಕ್ಕೆ ಬಂದವರ ಲೆಕ್ಕ ಆಯ್ತು, ಅಲ್ವಾ? ರತ್ನವ್ವನಿಗೆ ಹೇಳಿದ ಹಾಗೆ ನಿಮಗೂ ಹೇಳಬೇಕಾಗ್ತದೆ. ಬೆಳಿಗ್ಗೆ ಏಳೂವರೆಗೆ ಹಾಜರಿ. ಮಧ್ಯಾಹ್ನ ಊಟ ಆಗಿ ಮಲಗುವ ಹಾಗಿಲ್ಲ. ಕಾಗೆ ತೆಗೆದುಕೊಂಡು ಹೋದದ್ದನ್ನು ಸಂಬಳದಲ್ಲಿ ಹಿಡಿಯಬೇಕು. ನಿಮ್ಮ ಹತ್ತಿರ ಹೀಗೆಲ್ಲ ಹೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಹೇಳದಿದ್ದರೆ ಕೊಡುವ ದುಡ್ಡಿಗೆ ನ್ಯಾಯ ಇಲ್ಲ. ಅದಕ್ಕೆ, ಪೂನಾದವರಿಗೆ ಆಗುವುದಿಲ್ಲ ಅಂತ ಬರೆಸಿಬಿಡ್ತೇನೆ. ಈ ಸಲಕ್ಕೆ ಹಪ್ಪಳ ಸಾಕು."

ಕೊನೆಯ ಮಾತಿಗೆ ಬರುವಾಗ ಅವಳ ಸ್ವರ ಒಡೆಯಿತು. ಅದು ನಾಟಕವಾಗಿರಲಿಲ್ಲ. ಜಗಲಿಯ ಹಪ್ಪಳದ ಅಂಚಿಗೆ ಆ ಬೆಳಿಗ್ಗೆಯೇ ಬಿಳಿ ಬರಲು ಶುರುವಾಗಿತ್ತು.

ಪೊರ್ಬುಗಳು ಕುರ್ಚಿಯಲ್ಲಿ ನೆಟ್ಟಗಾದರು. "ಕೆಲಸಕ್ಕೆ? ನಾನು?" ಎಂದರು. "ಇಪ್ಪತ್ತೆರಡು ವರ್ಷ ಇನ್ನೊಬ್ಬನ ಗೋದಾಮು ಕಾದವನು ನಳಿನಕ್ಕ, ನಾನು. ಇನ್ನು ಯಾರ ಕೈಕೆಳಗೂ ನಿಲ್ಲುವುದಿಲ್ಲ ಅಂತ ಬೊಂಬಾಯಿ ಏರ್‌ಪೋರ್ಟಿನಲ್ಲೇ ತೀರ್ಮಾನ ಮಾಡಿ ಬಂದದ್ದು. ನಿಮ್ಮ ಹಪ್ಪಳ ಕಾದದ್ದು ನನ್ನ ಖುಷಿಗೆ. ಅದನ್ನು ಇವರು, ಈ ಭಟ್ರು, ಇಡೀ ಊರಿನ ಎದುರು, ನನ್ನದೇ ಫ್ಯಾನಿನ ಅಡಿಯಲ್ಲಿ ನಿಂತು, ಮೂರು ಕಾಸಿನ ಪ್ರಯೋಜನ ಇಲ್ಲ ಅಂತ ಹೇಳಿದರಲ್ಲ."

ತೆರೆಸಾ ಬಾಯಿ ಒಳಗಿನಿಂದಲೇ ಹೇಳಿದರು: "ಎರಡು ದಿನದಿಂದ ಊಟ ಸರಿ ಇಲ್ಲ ಇವರಿಗೆ. ಖಾಲಿ ತಾರಸಿಗೆ ಹೋಗಿ ಕೂತು ಬರ್ತಾರೆ. ಒಂದು ಕಾಗೆ ಸಹ ಬರುವುದಿಲ್ಲ. ಬೀಗ ತೆಗೀರಿ ಮಾರಾಯ್ರೆ, ನನಗೆ ನೋಡ್ಲಿಕ್ಕೆ ಆಗುವುದಿಲ್ಲ."

ಈ ಹೊತ್ತಿನಲ್ಲಿ ಬುದ್ಧಿ ಇದ್ದವನು ಬಾಯಿ ಮುಚ್ಚಿಕೊಂಡು ನಿಲ್ಲುತ್ತಾನೆ. ಭಟ್ಟರು ಎರಡು ಹೆಜ್ಜೆ ಮುಂದೆ ಬಂದು, "ಪೊರ್ಬುಗಳೇ, ಉಡುಪಿಯಲ್ಲಿ ವಿಚಾರಿಸಿ ಬಂದೆ. ಹತ್ತು ಲಕ್ಷದ ಒಳಗೆ ನೀವು ಟ್ಯಾಕ್ಸ್ ಹಾಕುವ ಹಾಗಿಲ್ಲ" ಎಂದರು. ನಳಿನಾಕ್ಷಿ ಹಣೆಗೆ ಕೈ ಇಟ್ಟುಕೊಂಡಳು.

ಪೊರ್ಬುಗಳು ಭಟ್ಟರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಎರಡು ದಿನದಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ಏನೋ ಆಟ ಆಡುವ ಕಳೆ ಬಂತು. ಎದ್ದು ಒಳಗೆ ಹೋಗಿ ಬೀಗದ ಕೈ ತಂದು ನಳಿನಾಕ್ಷಿಯ ಎದುರು ಇಟ್ಟರು.

"ನಳಿನಕ್ಕ, ಶುಲ್ಕ ಬೇಡ. ಒಂದು ಪೈಸೆ ಬೇಡ. ಟ್ಯಾಕ್ಸ್ ಮಾತ್ರ ಬೇಕು."

"ಶುಲ್ಕ ಸೊನ್ನೆ ಆದ ಮೇಲೆ ಅದರ ಮೇಲಿನ ಟ್ಯಾಕ್ಸ್ ಸಹ ಸೊನ್ನೆ," ಎಂದರು ಭಟ್ಟರು ತಡೆಯಲಾರದೆ.

"ಅದು ಸರ್ಕಾರದ ಲೆಕ್ಕ ಭಟ್ರೇ. ತಾರಸಿ ನನ್ನದು. ಮಧ್ಯಾಹ್ನ ನಾನು ಮಲಗುವ ಹೊತ್ತು ಉಂಟಲ್ಲ, ಊಟ ಆಗಿ ಚಾ ಕುಡಿಯುವವರೆಗೆ, ಆ ಹೊತ್ತಿಗೆ ಕಾಗೆ ಜಾಸ್ತಿ. ಆ ಹೊತ್ತು ಕೋಲು ಹಿಡಿದು ನೀವು ಕೂರಬೇಕು. ಇಷ್ಟು ಆಸೆಯಲ್ಲಿ ಟ್ಯಾಕ್ಸ್ ಕಟ್ಟುವವರು ಇಡೀ ಶಿರ್ವದಲ್ಲಿ ಇನ್ನೊಬ್ಬರು ಇಲ್ಲ."

"ಕೊಡೆ ಇರ್ತದಲ್ವಾ?" ಎಂದು ಭಟ್ಟರು ಕೇಳಿದರು.

"ಕೊಡೆ ನಾನು ಮಲಗುವಾಗ ಒಳಗೆ ತರ್ತೇನೆ. ಬಟ್ಟೆ ಹಳತಾಗಿದೆ, ಬಿಸಿಲಿಗೆ ಹಾಳಾಗ್ತದೆ."

ಭಟ್ಟರು ಹೆಂಡತಿಯ ಮುಖ ನೋಡಿದರು. ಅವಳು ಆಗಲೇ ಬೀಗದ ಕೈ ಹಿಡಿದು ಎದ್ದು ನಿಂತು, ಅತ್ತ ರತ್ನವ್ವನಿಗೆ ಚಾಪೆ ತರಲು ಕೂಗುತ್ತಿದ್ದಳು. ಹೋಗುತ್ತಾ ತಿರುಗಿ ಹೇಳಿದಳು: "ಒಪ್ಪಿಕೊಳ್ಳಿ ನೋಡುವ. ಆ ಬಿಸಿಲಲ್ಲಿ ಕೂತರೆ ಶಿಕ್ಷಣ ಸಹ ತನ್ನಷ್ಟಕ್ಕೆ ಆಗ್ತದೆ, ಪ್ರೌಢ ಮತ್ತು ಉನ್ನತ ಎರಡೂ."

ಶನಿವಾರ ಪೂನಾಕ್ಕೆ ಹನ್ನೆರಡು ಕಟ್ಟು ಹೋಯಿತು. ಅಂಚು ಬೆಳ್ಳಗಾದದ್ದನ್ನು ನಳಿನಾಕ್ಷಿ ಆರಿಸಿ ಎಸೆದಳು. ಮುರಿದದ್ದು ನಮ್ಮ ಮನೆಗೆ ಬಂತು, ಆ ಸಲ ಸ್ವಲ್ಪ ಹೆಚ್ಚೇ, ಏಕೆಂದರೆ ಭಟ್ಟರಿಗೆ ಕೋಲು ಬೀಸಲು ಬರುತ್ತಿರಲಿಲ್ಲ.

ಮುಂದಿನ ವಾರ ಒಂದು ಮಧ್ಯಾಹ್ನ, ಸುಡು ಸುಡು ಬಿಸಿಲಿನಲ್ಲಿ, ಡೊಮಿನಿಕ್ ಮಾಸ್ಟ್ರು ಶಾಲೆಯ ಮಾಡಿನ ಅಂದಾಜುಪಟ್ಟಿ ಕಂಕುಳಲ್ಲಿಟ್ಟುಕೊಂಡು ಶಿಕ್ಷಣ ಪೋಷಕರನ್ನು ಹುಡುಕುತ್ತಾ ಬಂದರು. ಭಟ್ಟರ ಮನೆಯ ಬಾಗಿಲು ಹಾಕಿತ್ತು. ಎದುರಿನ ತಾರಸಿಯಿಂದ ಸರಿಯಾಗಿ ಊದಲು ಬಾರದ ಸೀಟಿಯ ಶಬ್ದ ಕೇಳಿ ತಲೆಯೆತ್ತಿದರು. ತಲೆಗೆ ಬೈರಾಸು ಸುತ್ತಿ, ಕಪ್ಪು ಬಟ್ಟೆಯ ಕೋಲು ಹಿಡಿದು, ಬೆವರಿನಲ್ಲಿ ಮಿಂದ ಆಕೃತಿಯೊಂದು ಕಾಗೆಯ ಹಿಂದೆ ಓಡುತ್ತಿತ್ತು.

"ಭಟ್ರೇ," ಎಂದು ಮಾಸ್ಟ್ರು ಕರೆದರು, "ಅಲ್ಲಿ ಎಂತ ಮಾಡ್ತಿದ್ದೀರಿ ನೀವು?"

ಭಟ್ಟರು ಕಟ್ಟೆಯ ಹತ್ತಿರ ಬಂದು ಕೆಳಗೆ ಬಗ್ಗಿ ನೋಡಿದರು. ಮಾಸ್ಟ್ರ ಕಂಕುಳಿನ ಕಾಗದ ಕಂಡರು. ಬೈರಾಸಿನಿಂದ ಮುಖ ಒರೆಸಿಕೊಂಡರು.

"ಟ್ಯಾಕ್ಸ್ ಕಟ್ತಾ ಇದ್ದೇನೆ, ಮಾಸ್ಟ್ರೇ."